ಎರಡು ಬಾಣದ ಮೇಡಂ

ಅಂಜಿನಮ್ಮ ಮೇಡಂ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಬರಗೂರಿನಿಂದ ಸಿರಾಕ್ಕೆ ಹೋಗುವ ಬೆಳಗಿನ ಪ್ರೈವೇಟ್ ಬಸ್ಸಿನಲ್ಲಿ ನಡುವಿನ ಕಂಬಿಗೆ ಬೆನ್ನು ಕೊಟ್ಟು, ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು, ಹತ್ತುವವರನ್ನೂ ಇಳಿಯುವವರನ್ನೂ ಮದುವೆ ಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರ ಹಾಗೆ ನೋಡುತ್ತಿದ್ದರು. ಕಂಡಕ್ಟರ್ "ಕೂತ್ಕಳಿ ಮೇಡಂ, ಸೀಟೈತೆ" ಎಂದರೆ, "ನೀನು ಟಿಕೆಟ್ ಕೊಡಪ್ಪ. ನಂಗೆ ಪಾಠ ನಡೀತೈತೆ" ಎನ್ನುವರು. ಇವರು ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್ ಎಂಬುದು ಕಂಡಕ್ಟರಿಗೆ ಗೊತ್ತಿತ್ತು. ಬಸ್ಸಿನಲ್ಲಿ ನಡೆಯುತ್ತಿದ್ದ ಪಾಠ ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ನನಗೂ ಅದು ಗೊತ್ತಾಗುವುದಕ್ಕೆ ಒಂದು ಸಲ ಫೇಲಾಗಬೇಕಾಯಿತು.

ಮೇಡಂ ಕುಳ್ಳಗೆ, ಗಟ್ಟಿಮುಟ್ಟು. ಅವರದು ಪಾವಗಡದಿಂದಾಚೆ, ಒಂದು ಹೆಜ್ಜೆ ಜಾಸ್ತಿ ಇಟ್ಟರೆ ಆಂಧ್ರಕ್ಕೆ ಬೀಳುವಂಥ ಹಳ್ಳಿ. ಹಾಗಾಗಿ ಅವರ ಕನ್ನಡದೊಳಕ್ಕೆ ತೆಲುಗು ಹೇಳದೆ ಕೇಳದೆ ನುಗ್ಗಿಬಿಡುತ್ತಿತ್ತು. ಸಿಟ್ಟು ಬಂದರೆ "ಚಾಲು ಚಾಲು", ಒಪ್ಪಿಗೆಯಾದರೆ "ಸರ್ಲೇ", ಯಾರಾದರೂ ಹೆದರಿಕೊಂಡರೆ "ಏಂ ಕಾದು". ಏಂ ಕಾದು ಎಂದರೆ ಏನೂ ಆಗುವುದಿಲ್ಲ ಎಂದು. ಬ್ಯೂರೆಟ್ ಒಡೆದು ಹುಡುಗಿ ಅಳುತ್ತಾ ನಿಂತರೆ ಏಂ ಕಾದು, ಪ್ರಿನ್ಸಿಪಾಲರು ಗುಡುಗಿದರೆ ಏಂ ಕಾದು, ಪರೀಕ್ಷೆಯ ದಿನ ಹಾಲ್ ಟಿಕೆಟ್ ಮನೆಯಲ್ಲಿ ಬಿಟ್ಟು ಬಂದವನಿಗೂ ಏಂ ಕಾದು. ಅದು ಅವರ ಬಾಯಿಚಟ ಎಂದುಕೊಂಡಿದ್ದೆವು. ಆ ಮಾತನ್ನು ಅವರು ಸುಮ್ಮಸುಮ್ಮನೆ ಹೇಳುವವರಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷ ಆದ ಮೇಲೆ.

ಮದುವೆಯಾಗಿರಲಿಲ್ಲ. ಆದರೂ ಅವರ ಬಲಗೈ ಬೆರಳುಗಳು ಯಾವಾಗಲೂ ಅರಿಶಿನ ಹಚ್ಚಿದಂತೆ ಹಳದಿ. ಅದು ನೈಟ್ರಿಕ್ ಆಮ್ಲದ ಕಲೆ. ಬಸ್ಸಿನಲ್ಲಿ ಮುದುಕಿಯರು ಆ ಕೈ ಹಿಡಿದು "ಮುತ್ತೈದೆ, ತಣ್ಣಗಿರು" ಎಂದು ಹರಸಿದರೆ ಮೇಡಂ ತಿದ್ದಲು ಹೋಗುತ್ತಿರಲಿಲ್ಲ. "ಒಳ್ಳೆ ಮಾತು ಯಾರದಾದ್ರೇನು, ಇರಲಿ ಬಿಡು" ಎಂದು ನಗುವರು. ಬರಗೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗೋಡೆಗೆ ಬುದ್ಧನ ಒಂದು ಫೋಟೊ, ಅದರ ಪಕ್ಕದಲ್ಲಿ ಮೂಲವಸ್ತುಗಳ ಪಟ್ಟಿ. ಎರಡಕ್ಕೂ ಊದುಬತ್ತಿ ಹಚ್ಚುತ್ತಿರಲಿಲ್ಲ, ಎರಡನ್ನೂ ದಿನಾ ಒರೆಸುತ್ತಿದ್ದರು. ಕಾಲೇಜಿನ ಹತ್ತಿರ ಸಿರಾದಲ್ಲೇ ಮನೆ ಮಾಡಬಾರದೇ ಎಂದು ಯಾರಾದರೂ ಕೇಳಿದರೆ, "ಅಲ್ಲಿದ್ರೆ ಬಸ್ಸೆಲ್ಲಿ ಸಿಗ್ತೈತೆ?" ಎಂದು ತಿರುಗಿ ಕೇಳುವರು.

ನನ್ನ ಹೆಸರು ಮಂಜುಳ. ಬರಗೂರಿನಿಂದ ಮೂರು ಮೈಲಿ ಒಳಕ್ಕೆ ನಮ್ಮೂರು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ, ಒಳ್ಳೆಯ ಅಂಕ ಬಂತೆಂಬ ಧೈರ್ಯದ ಮೇಲೆ ಪಿಯುಗೆ ಸೈನ್ಸ್ ಸೇರಿದವಳು. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಪ್ರತಿಯೊಂದು ಪದಕ್ಕೂ ಕನ್ನಡ ಹುಡುಕಿ, ಆ ಕನ್ನಡಕ್ಕೆ ನಮ್ಮೂರಿನ ಅರ್ಥ ಹಚ್ಚಿ ಓದುತ್ತಿದ್ದೆ. 'ಸಮತೋಲನ' ಎಂಬ ಪಾಠದಲ್ಲಿ ಎಡವಿದ್ದು ಹೀಗೆಯೇ. ನಮ್ಮ ಕಡೆ ಅಣ್ಣತಮ್ಮಂದಿರ ಜಗಳ ತೀರಿದರೆ 'ಸಮ ಆಯ್ತು' ಎನ್ನುತ್ತಾರೆ. ಎಂದರೆ ಇನ್ನು ಮಾತಿಲ್ಲ, ಮುಗಿಯಿತು. ರಾಸಾಯನಿಕ ಸಮತೋಲನವೂ ಇದೇ ಇರಬೇಕೆಂದು ನಾನು ಪರೀಕ್ಷೆಯಲ್ಲಿ ಒಂದು ಪುಟ ಬರೆದೆ: ಎರಡು ಅನಿಲಗಳು ಸೇರಿ ಕ್ರಿಯೆ ನಡೆದು, ಕೊನೆಗೆ ಎರಡೂ ಕಡೆ ಸಮ ಆಗಿ, ಎಲ್ಲ ನಿಂತುಹೋಗುತ್ತದೆ. ನನ್ನ ಪಕ್ಕದವಳು ನನ್ನದನ್ನೇ ನೋಡಿ ಬರೆದಳು. ಅವಳ ಪಕ್ಕದವಳು ಅವಳದನ್ನು. ಇಡೀ ಬೆಂಚು ಫೇಲಾಯಿತು.

ಮೇಡಂ ಬಯ್ಯಲಿಲ್ಲ. ಮಾರನೇ ದಿನ ಬಸ್ಸಿನಲ್ಲಿ ನನ್ನನ್ನು ಸೀಟಿನಿಂದ ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು.

"ಬಸ್ಸಲ್ಲಿ ಎಷ್ಟು ಜನ ಅವ್ರೆ, ಎಣಿಸು."

ಎಣಿಸಿದೆ. ನಲವತ್ತು. ಮುಂದಿನ ಸ್ಟಾಪಿನಲ್ಲಿ ಆರು ಜನ ಇಳಿದರು, ಆರು ಜನ ಹತ್ತಿದರು. ಅದರ ಮುಂದಿನದರಲ್ಲಿ ಮೂವರು ಇಳಿದರು, ಮೂವರು ಹತ್ತಿದರು.

"ಈಗ ಎಷ್ಟು?"

"ನಲವತ್ತೇ ಮೇಡಂ."

"ನಿಂತೋಯ್ತಾ ಹಂಗಾದ್ರೆ? ಹತ್ತೋದು ಇಳಿಯೋದು ನಿಂತೋಯ್ತಾ? ಲೆಕ್ಕ ಅದೇ, ಮುಖ ಬೇರೆ. ಇದಮ್ಮಾ ಸಮತೋಲನ ಅಂದ್ರೆ. ಮುಂದಕ್ಕೂ ಹೋಗ್ತಿರ್ತೈತೆ, ಹಿಂದಕ್ಕೂ ಬರ್ತಿರ್ತೈತೆ. ಅದಕ್ಕೇ ನಾನು ಎರಡು ಬಾಣ ಹಾಕೋದು. ಶೋಕಿಗಲ್ಲ."

ಕ್ಲಾಸಿನಲ್ಲಿ ಅವರು ಬೋರ್ಡಿನ ಮೇಲೆ ಎದುರುಬದುರು ಎರಡು ಬಾಣ ಎಳೆಯುವಾಗ ಸೀಮೆಸುಣ್ಣ ಎರಡು ಸಲ ಕಿರ್ ಎನ್ನುತ್ತಿತ್ತು. ಹಿಂದಿನ ಬೆಂಚಿನವರು ಅದಕ್ಕೇ ಅವರಿಗೆ 'ಎರಡು ಬಾಣದ ಮೇಡಂ' ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

ಹುಲಿಕುಂಟೆ ಕ್ರಾಸಿನಲ್ಲಿ ಸಂತೆಗೆ ಹೋಗುವವರು ಒಂದೇ ಸಲ ನುಗ್ಗಿದರು. ನಮ್ಮೆದುರಿನ ಉದ್ದ ಸೀಟಿನಲ್ಲಿ ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ನಾಲ್ಕು ಜಾಗ ಹಿಡಿದು ಕೂತಿದ್ದರು. ಜನ ಒತ್ತಿದ್ದೇ ತಡ, ಇಬ್ಬರೂ ತಂತಮ್ಮ ಮಕ್ಕಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡರು. ಮೇಡಂ ನನ್ನ ಪಕ್ಕೆಗೆ ತಿವಿದರು.

"ನೋಡು! ನಾಲ್ಕು ಜಾಗ ಎರಡಾಯ್ತು. ಒಂದು ನೈಟ್ರೋಜನ್ನು, ಮೂರು ಹೈಡ್ರೋಜನ್ನು, ಅಲ್ಲಿಗೆ ನಾಲ್ಕು. ಸೇರಿದ್ರೆ ಎರಡು ಅಮೋನಿಯಾ. ಈಗ ಒತ್ತಡ ಹಾಕಿದ್ರೆ ಯಾವ ಕಡೆ ಸರೀತೈತೆ ಹೇಳು."

"ತೊಡೆ ಕಡೆಗೆ ಮೇಡಂ" ಎಂದೆ. ಅರ್ಧ ಬಸ್ಸು ನಕ್ಕಿತು. ಮೇಡಂ ನಗಲಿಲ್ಲ. "ಸರ್ಲೇ, ಸರಿಯಾಗೇ ಹೇಳ್ದೆ. ನಿಮ್ಮಪ್ಪ ಹೊಲಕ್ಕೆ ಚೆಲ್ಲೋ ಯೂರಿಯಾ ಐತಲ್ಲ, ಅದರ ಬುಡದಲ್ಲಿರೋದು ಇಂಗೆ ಒತ್ತಿ ಒತ್ತಿ ಮಾಡಿದ ಅಮೋನಿಯಾನೇ" ಎಂದರು. ಮುಂದೆ ಜನ ಇಳಿದು ಬಸ್ಸು ಸಡಿಲವಾಗುತ್ತಲೇ ಮಕ್ಕಳು ತೊಡೆಯಿಂದ ಜಾರಿ ಮತ್ತೆ ಸೀಟು ಹಿಡಿದವು. ಅದನ್ನೂ ತೋರಿಸಿದರು. ಆವತ್ತಿನಿಂದ ಆ ಪಾಠ ನನ್ನ ತಲೆಯಿಂದ ಅಳಿಸಿಹೋಗಿಲ್ಲ.

ಲ್ಯಾಬಿನಲ್ಲಿ ಅವರ ಆಸ್ತಿ ಎಂದರೆ ಬಾಯಿ ಬೆಸೆದ ಒಂದು ಗಾಜಿನ ಕೊಳವೆ. ಒಳಗೆ ಕಂದು ಬಣ್ಣದ ಅನಿಲ. ಅನಿಲ ಎಂಬ ಮಾತನ್ನು ಅವರು ಬಳಸುತ್ತಿರಲಿಲ್ಲ. ಅವರಿಗೆ ಎಲ್ಲವೂ 'ಗಾಳಿ'. ಅದನ್ನು ಬಿಸಿನೀರಿಗೆ ಇಳಿಸಿದರೆ ಕಂದು ಗಾಢವಾಗುತ್ತಿತ್ತು. ಐಸ್‌ಕ್ಯಾಂಡಿಯವನಿಂದ ತರಿಸಿದ ಐಸಿನಲ್ಲಿಟ್ಟರೆ ಬಣ್ಣ ಇಳಿದು ಹೆಚ್ಚುಕಡಿಮೆ ಬರಿದಾಗುತ್ತಿತ್ತು. ಒಬ್ಬ ಹುಡುಗ "ಸತ್ತೋಯ್ತಾ ಮೇಡಂ?" ಎಂದ.

"ಸತ್ತಿಲ್ಲ ಕಣ್ಲಾ, ಜೋಡಿ ಆಗೈತೆ. ಚಳಿ ಬಿದ್ರೆ ಇಬ್ರಿಗೊಂದು ಕಂಬ್ಳಿ. ಶೆಕೆ ಆದ್ರೆ ನಿನ್ ದಾರಿ ನಿಂಗೆ, ನನ್ ದಾರಿ ನಂಗೆ. ಒಂಟಿಯಾಗಿದ್ದಾಗ ಕಂದು, ಜೋಡಿಯಾದಾಗ ಬಣ್ಣ ಇಲ್ಲ."

ಆಮೇಲೆ ಕೊಳವೆಯನ್ನು ಎತ್ತಿ ಹಿಡಿದು, ಪ್ರತಿವರ್ಷ ಹೇಳುತ್ತಿದ್ದ ಮಾತನ್ನು ಹೇಳಿದರು. "ನೀನು ಅದಕ್ಕೆ ಏನು ಮಾಡ್ತೀಯೋ, ಅದನ್ನ ಅದು ಕಮ್ಮಿ ಮಾಡ್ಕಳೋ ಕಡೆಗೆ ಸರೀತೈತೆ. ಕಾಯ್ಸಿದ್ರೆ ಬಿಸಿ ನುಂಗೋ ಕಡೆಗೆ. ಒತ್ತಿದ್ರೆ ಜಾಗ ಕಮ್ಮಿ ಬೇಕಾದ ಕಡೆಗೆ. ಒಬ್ಬನ್ನ ತಂದು ಜಾಸ್ತಿ ತುಂಬಿದ್ರೆ, ಅವನು ಖರ್ಚಾಗೋ ಕಡೆಗೆ. ಇಷ್ಟು ತಿಳ್ಕೊಂಡ್ರೆ ಮಾರ್ಕ್ಸಿಗೂ ಆಯ್ತು, ಸಂಸಾರಕ್ಕೂ ಆಯ್ತು." ಸಂಸಾರ ಮಾಡದ ಅವರ ಬಾಯಲ್ಲಿ ಆ ಮಾತು ಕೇಳಿ ನಾವು ಮುಸಿಮುಸಿ ನಗುತ್ತಿದ್ದೆವು.

ನಾನು ಪಾಸಾದೆ. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಮಕ್ಕಳಿಗೆ ಬಸ್ಸಿನ ಪಾಠವನ್ನೇ ಹೇಳಿ ಜಾಣೆ ಎನ್ನಿಸಿಕೊಂಡೆ. ಮೇಡಂ ಹೆಸರು ಹೇಳುತ್ತಿರಲಿಲ್ಲ, ಸ್ವಂತದ್ದೆಂಬಂತೆ ಹೇಳುತ್ತಿದ್ದೆ. ಜಾಣತನದ ಕಥೆ ಅಲ್ಲಿಗೆ ಮುಗಿಯುತ್ತಿದ್ದರೆ ಚೆನ್ನಾಗಿತ್ತು.

ಹೋದ ವರ್ಷದ ಹಿಂದಿನ ವರ್ಷ ಧನುರ್ಮಾಸದಲ್ಲಿ ನನ್ನ ತಂಗಿ ರೂಪ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಚೊಚ್ಚಲು, ಗಂಡುಮಗು. ಆ ಹೊತ್ತಿಗೆ ನಮ್ಮ ಹಳೆಯ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದರು. ಬಾಣಂತಿಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು. ಹೊಸ ಮನೆಯಾದರೂ ಬಾಣಂತನ ಹಳೆಯದೇ, ಅಜ್ಜಿಯದು. ನಮ್ಮಪ್ಪನ ತಾಯಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳ್ಳುಳ್ಳಿ ಸಾರು, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೊಬ್ಬರಿ ಚಿಪ್ಪಿನ ಇದ್ದಿಲ ಕೆಂಡ. ಆ ವರ್ಷ ಚಳಿ ಜೋರಿತ್ತು, ಹಾಗಾಗಿ ಅಗ್ಗಿಷ್ಟಿಕೆ ಎರಡು. ನಾನು ಶುಕ್ರವಾರ ಸಂಜೆ ಊರಿಗೆ ಬಂದಾಗ ಅಜ್ಜಿ "ಕಿಟಕಿ ಸಂದೀಲಿ ಗಾಳಿ ಬತ್ತದೆ, ಒಂದು ಬಟ್ಟೆ ತುರುಕೇ" ಎಂದಳು. ಬಟ್ಟೆ ತುರುಕಿದರೆ ಸಾಕಿತ್ತು. ಆದರೆ ನಾನು ಸೈನ್ಸ್ ಟೀಚರ್ ಅಲ್ಲವೇ, ಕೆಲಸ ಅಚ್ಚುಕಟ್ಟಾಗಿರಬೇಕು. ಕಂದು ಬಣ್ಣದ ಅಗಲ ಟೇಪಿನ ಸುರುಳಿ ತಂದು, ಕಿಟಕಿಯ ಸುತ್ತ ಒಂದೆಳೆ ಬಿಡದೆ ಅಂಟಿಸಿದೆ. ಮೇಲಿನ ವೆಂಟಿಲೇಟರಿಗೂ ರಟ್ಟು ಇಟ್ಟು ಅಂಟಿಸಿದೆ. ಬಾಗಿಲ ಕೆಳಗೆ ಗೋಣಿಚೀಲ ಮಡಿಸಿಟ್ಟೆ. ಅಜ್ಜಿ ಕೈಯಾಡಿಸಿ ನೋಡಿ, "ಓದಿದ್ದು ದಂಡ ಆಗ್ಲಿಲ್ಲ ಬುಡು" ಎಂದು ಮೆಚ್ಚಿದಳು.

ಶನಿವಾರ ರೂಪಳಿಗೆ ತಲೆನೋವು. ಮಧ್ಯಾಹ್ನ ವಾಂತಿ. ಹಿತ್ತಲ ನೀರ್ಮನೆಯಲ್ಲಿ ಬಿಸಿನೀರು ಹುಯ್ದುಕೊಂಡು ಬಂದಾಗ ಸ್ವಲ್ಪ ಗೆಲುವಾದಳು, ಕೋಣೆಗೆ ಹೋಗಿ ಮಲಗಿದ ಮೇಲೆ ಮತ್ತೆ ಅದೇ. ನಮ್ಮ ಕಡೆ ಗಾಳಿ ಎಂಬ ಮಾತಿಗೆ ಎರಡರ್ಥ. ಬೀಸುವುದೂ ಗಾಳಿ, ಮೆಟ್ಟಿಕೊಳ್ಳುವುದೂ ಗಾಳಿ. ನೀರ್ಮನೆಗೆ ಹೋಗಿಬರುವಾಗ ಸೋಕಿರಬೇಕೆಂದು ಅಜ್ಜಿ ಹಣೆಗೆ ಬೂದಿ ಇಟ್ಟು, ಬಾಗಿಲು ಇನ್ನಷ್ಟು ಬಿಗಿಯಾಗಿ ಹಾಕಿಸಿದಳು. ನಾನು ನನ್ನ ವಿಜ್ಞಾನ ತೋರಿಸಿದೆ. ಕೊರೋನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಮಿಷನ್ನನ್ನು ರೂಪಳ ಬೆರಳಿಗೆ ಹಾಕಿದೆ. ತೊಂಬತ್ತೆಂಟು ತೋರಿಸಿತು. "ಏನೂ ಇಲ್ಲ, ನಿಶ್ಶಕ್ತಿ ಅಷ್ಟೆ" ಎಂದು ತೀರ್ಪು ಕೊಟ್ಟೆ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅಂಜಿನಮ್ಮ ಮೇಡಂ ಮಗುವನ್ನು ನೋಡಲು ಬಂದರು. ಒಂದು ಕೈಯಲ್ಲಿ ಕೊಬ್ಬರಿ, ಉತ್ತುತ್ತೆ, ಇನ್ನೊಂದರಲ್ಲಿ ತಾವೇ ಹೆಣೆದ ಸ್ವೆಟರು. ಬಾಣಂತಿ ನೋಡಲು ಬಂದವರು ನಡುಮನೆಯಲ್ಲಿ ಕೂತು ಮಾತಾಡಿಸಿ ಹೋಗುವುದು ರೂಢಿ. ಅವರೂ ಹಾಗೇ ಹೊಸಿಲ ಹತ್ತಿರ ನಿಂತು, ಹೇಗಿದ್ದಾಳೆ ಎಂದರು. ತಲೆನೋವೆಂದು ನಮ್ಮವ್ವ ಹೇಳಿದಳು.

"ಯಾವಾಗಿಂದ?"

"ನೆನ್ನೆಯಿಂದ."

"ನೀರ್ಮನೆಗೆ ಹೋದಾಗ ಕಮ್ಮಿ ಆಗ್ತೈತಾ?"

ಅಜ್ಜಿಗೆ ಸಾಕ್ಷಿ ಸಿಕ್ಕಷ್ಟು ಖುಷಿ. "ಅದೇ ಕಣಮ್ಮ ನಾನು ಬಡ್ಕಳೋದು! ನೀರು ಹುಯ್ದ್ರೆ ಬುಟ್ಟು ಓಯ್ತದೆ, ಒಳೀಕ್ ಬಂದ್ರೆ ಬಂದು ಹಿಡ್ಕಂತದೆ. ಗಾಳಿ ಅಲ್ದೆ ಇನ್ನೇನು?"

"ನಿಂಗೂ ತಲೆ ನೋಯ್ತೈತಾ ಅವ್ವಾ?" ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅಜ್ಜಿಯನ್ನು ಕೇಳಿದರು.

"ಒಸಿ ಐತೆ. ನಿದ್ದೆಗೆಟ್ಟಿದ್ಕೆ."

"ಮಗು?"

"ಬಂಗಾರದಂತ ಕೂಸು. ನೆನ್ನೆಯಿಂದ ಒಂದು ಸೊಲ್ಲೆತ್ತಿಲ್ಲ. ಹಾಲಿಗೂ ಕಾಡಲ್ಲ, ಮಲಗೇ ಐತೆ."

ಮೇಡಂ ಮುಖ ನೋಡಿದೆ. ಏಂ ಕಾದು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕೈಯಲ್ಲಿದ್ದದ್ದನ್ನು ನೆಲಕ್ಕೆ ಬಿಟ್ಟು, ಚಪ್ಪಲಿ ಕಾಲಲ್ಲೇ ಕೋಣೆಯ ಬಾಗಿಲು ತಳ್ಳಿ ಒಳಕ್ಕೆ ನುಗ್ಗಿದರು. ಉತ್ತುತ್ತೆ ನಡುಮನೆಯ ತುಂಬ ಉರುಳಿದವು.

"ಹೊಗೆ ಇಲ್ಲ ಕಣಮ್ಮ, ಒಳ್ಳೆ ಕೆಂಡ" ಎಂದಳು ಅಜ್ಜಿ, ಅವರ ಹಿಂದೆಯೇ ಓಡುತ್ತಾ.

"ಹೊಗೆ ಇದ್ದಿದ್ರೆ ಚೆನ್ನಾಗಿತ್ತವ್ವ, ಕೆಮ್ಮಿ ಎದ್ದು ಬರ್ತಿದ್ರು" ಎನ್ನುತ್ತಾ ಮೇಡಂ ಕಿಟಕಿಯ ಟೇಪನ್ನು ಉಗುರಿನಿಂದ ಕಿತ್ತರು. "ಮಂಜುಳಾ, ಮಗೂನ ಎತ್ಕೊಂಡು ಅಂಗಳಕ್ಕೆ ಓಡು. ಶಾಲು ಹೊದ್ಸು, ಮುಖ ಮುಚ್ಚಬೇಡ." ನಾನು ಓಡಿದೆ. ಹಿಂದೆ ಮೇಡಂ, ಅವ್ವ ಇಬ್ಬರೂ ರೂಪಳನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿಕೊಂಡು ಬಂದರು. ಅವಳ ಕಾಲು ನೆಲದ ಮೇಲೆ ಎಳೆಯುತ್ತಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಅಯ್ಯಯ್ಯೋ, ಹಸೀ ಬಾಣಂತೀನ ಗಾಳಿಗೆ ಹಾಕ್ತೀರಲ್ಲೇ! ಬುಡಾಕಿಲ್ಲ ನಾನು!"

ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೇ ಬಗ್ಗದ ಮೇಡಂ ಅಲ್ಲಿ ಅಜ್ಜಿಯೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಮೆತ್ತಗೆ ಹೇಳಿದರು. "ಗಾಳಿ ಹಿಡಿದಿರೋದು ನಿಜ ಅವ್ವಾ. ನೀನು ಹೇಳಿದ್ದೇ ಸರಿ. ಹಿಡಿದಿರೋ ಗಾಳೀನ ಬಿಡ್ಸೋಕೆ ಬೇರೆ ಗಾಳಿನೇ ಬೇಕು. ದಾರಿ ಬಿಡು."

ಅಜ್ಜಿ ಪಕ್ಕಕ್ಕೆ ಸರಿದಳು.

ಅಂಗಳದಲ್ಲಿ ನಾನು ಮಗುವನ್ನು ಅವ್ವನ ಕೈಗೆ ಕೊಟ್ಟು, ಮಿಷನ್ ತಂದು ರೂಪಳ ಬೆರಳಿಗೆ ಸಿಕ್ಕಿಸಿದೆ. "ಮೇಡಂ, ತೊಂಬತ್ತೆಂಟೈತೆ! ಆಕ್ಸಿಜನ್ ಸರಿಯಾಗೇ ಐತೆ!"

"ಅದು ಕಂಡಕ್ಟರ್ ಇದ್ದಂಗೆ ಕಣಮ್ಮ. ಸೀಟು ತುಂಬೈತಾ ಅಂತ ನೋಡ್ತೈತೆ, ಕೂತಿರೋನು ಯಾರು ಅಂತ ನೋಡಲ್ಲ."

ಆಗ ನನಗೆ ತಿಳಿಯಿತು. ಗಾಳಿ ಸಾಲದೆ ಉರಿದ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ, ಬೇಗ ಏಳುವುದಿಲ್ಲ. ಇಷ್ಟನ್ನೂ ನಾನು ಹೋದ ತಿಂಗಳು ತಾನೇ ಒಂಬತ್ತನೇ ತರಗತಿಗೆ ಪಾಠ ಮಾಡಿ, ಚಿತ್ರ ಬರೆಸಿ, ಟೆಸ್ಟ್ ಕೊಟ್ಟು, ಕೆಂಪು ಇಂಕಿನಲ್ಲಿ ತಿದ್ದಿದ್ದೆ.

ಪಕ್ಕದ ಮನೆಯ ನಜೀರಣ್ಣ ಲಗೇಜ್ ಆಟೋ ತಂದ. ಎದುರು ಮನೆಯವರು ಕಾರು ಕೊಡುತ್ತೇವೆಂದರು. ಮೇಡಂ ಬೇಡವೆಂದರು. "ಹಿಂದೆ ಓಪನ್ ಐತಲ್ಲ, ಇದೇ ಒಳ್ಳೇದು." ನಜೀರಣ್ಣ "ಜಲ್ದಿ ಹತ್ತಿ ಮೇಡಂ, ಅಲ್ಲಾ ಅವ್ನೆ" ಎಂದು ಹಾಸಿಗೆ ಹಾಸಿದ. ತಿಂಗಳೂ ತುಂಬದ ಬಾಣಂತಿ, ತಲೆಬಟ್ಟೆ ಬಿಚ್ಚಿ ಕೂದಲು ಹಾರುತ್ತಾ, ಕಂಬಳಿ ಹೊದ್ದು, ಸಿರಾ ರಸ್ತೆಯ ಚಳಿಗಾಳಿಗೆ ಮುಖ ಕೊಟ್ಟು ಹೋಗುವುದನ್ನು ದಾರಿಯ ಹೆಂಗಸರು ಬಾಯಿ ಮೇಲೆ ಕೈಯಿಟ್ಟು ನೋಡಿದರು. ಅಜ್ಜಿ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಮಗು ನನ್ನ ತೊಡೆಯ ಮೇಲೆ ಮೆತ್ತಗೆ ಬಿದ್ದಿತ್ತು. ಮೇಡಂ ಅದರ ಅಂಗಾಲನ್ನು ಹಳದಿ ಬೆರಳಿನಿಂದ ತಟ್ಟುತ್ತಲೇ ಇದ್ದರು.

"ಮೇಡಂ, ಉಳೀತಾರಾ?" ಎಂದೆ.

"ನನ್ ಮಾತು ಕೇಳು. ಇದು ವಾಪಸ್ ಬರೋ ರಿಯಾಕ್ಷನ್ನು. ಒಂದೇ ಬಾಣ ಅಲ್ಲ, ಎರಡು ಬಾಣ. ಕೂತಿರೋನು ಏಳಲೇಬಾರದು ಅಂತೇನಿಲ್ಲ. ಬರೀ ಗಾಳೀಲಿ ಬಿಟ್ರೂ ಏಳ್ತಾನೆ, ನಿಧಾನಕ್ಕೆ. ಆಸ್ಪತ್ರೇಲಿ ಪೂರಾ ಆಕ್ಸಿಜನ್ನೇ ತುಂಬಿದ್ರೆ, ಆ ಕಡೆಯಿಂದ ತಳ್ಳು ಜಾಸ್ತಿ ಆಗ್ತೈತೆ, ಬೇಗ ಏಳ್ತಾನೆ. ಸಂತೆ ದಿನ ಬಸ್ಸಿಗೆ ಜನ ನುಗ್ಗಿದಂಗೆ." ಹೇಳುತ್ತಾ ಹೇಳುತ್ತಾ ಬ್ಯಾಗಿನಿಂದ ಚೀಟಿ ತೆಗೆದು, ಎಷ್ಟು ದಿನ, ಎಂಥ ಇದ್ದಿಲು, ಕೋಣೆ ಹೇಗಿತ್ತು ಎಂದು ಡಾಕ್ಟರಿಗಾಗಿ ನಾಲ್ಕು ಸಾಲು ಬರೆದರು. ಆಟೋ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿದ್ದವು. ಆಗಲೂ ಏಂ ಕಾದು ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ವಯಸ್ಸಿನ್ನೂ ಚಿಕ್ಕದಾದ ಲೇಡಿ ಡಾಕ್ಟರು. ಚೀಟಿ ಓದಿದವರೇ ಇನ್ನೊಂದು ಮಾತು ಕೇಳದೆ ರೂಪಳಿಗೆ ಆಕ್ಸಿಜನ್ ಮಾಸ್ಕ್ ಹಾಕಿಸಿದರು, ಮಗುವಿಗೆ ಪುಟ್ಟದೊಂದು. ಅಜ್ಜಿಗೂ ಹಾಕಿದರು. ಆಮೇಲೆ, ಕೋಣೆಗೆ ಗಾಳಿ ಬರುವ ಜಾಗವೆಲ್ಲ ಯಾರು ಮುಚ್ಚಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಜ್ಜಿ ಮಾಸ್ಕ್ ಸರಿಸಿ, "ನಾನೇ ಕಣವ್ವ ಮುಚ್ಚಿಸಿದ್ದು" ಎಂದಳು. ನನ್ನ ಬಾಯಿ ಹಾಗೇ ಮುಚ್ಚಿಕೊಂಡಿತು. ಮೇಡಂ ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ರೂಪ ನೀರು ಕೇಳಿದಳು. ಹೆಸರು ಹಿಡಿದು ಎಲ್ಲರನ್ನೂ ಮಾತಾಡಿಸಿದಳು. ಮಗು ಮಾತ್ರ ಸುಮ್ಮನಿತ್ತು. ಮೂರು ಗಂಟೆ ಇರಬಹುದು, ಒಂದು ಸಣ್ಣ ಕುಂಯ್ ಕೇಳಿಸಿತು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ವಾರ್ಡು ಹಾರಿಹೋಗುವಂತೆ ಅತ್ತಿತು. ಆ ಅಳುವಿನಷ್ಟು ಹಿತವಾದ ಶಬ್ದವನ್ನು ನಾನು ಕೇಳಿಲ್ಲ. ಪಕ್ಕದ ಬೆಡ್ಡಿನವರು "ಹಾಲು ಕೊಡ್ರಮ್ಮ, ಹಸ್ಕೊಂಡೈತೆ" ಎಂದು ಗದರಿದರು. ಡಾಕ್ಟರು ಬಂದು ನೋಡಿ, ತಲೆಯಾಡಿಸಿ, ನಕ್ಕರು. ಬೆಳಗಿನಿಂದ ನಿಂತೇ ಇದ್ದ ಮೇಡಂ ಗೋಡೆಗೆ ಒರಗಿ, ಹಾಗೇ ಜಾರಿ ನೆಲದ ಮೇಲೆ ಕುಕ್ಕರಿಸಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರಿಗೋ ಅಲ್ಲ, ತಮಗೇ ಹೇಳಿಕೊಂಡರು: "ಏಂ ಕಾದು. ಇಂಕ ಏಂ ಕಾದು." ಇನ್ನು ಏನೂ ಆಗುವುದಿಲ್ಲ. ಆಗ ನನಗೆ ಅಳು ಬಂತು.

ಎರಡು ದಿನ ಬಿಟ್ಟು ಎಲ್ಲರೂ ಮನೆಗೆ ಬಂದೆವು. ಮೇಡಂ ಬಂದು ಅಜ್ಜಿಯ ಪಕ್ಕ ಕೂತು ಸಮಾಧಾನ ಹೇಳಿದರು. "ನಿನ್ ಕೈ ತಪ್ಪಲ್ಲ ಅವ್ವಾ. ಹೆಂಚಿನ ಮನೇಲಿ ನೀನು ಎಷ್ಟು ಬಾಣಂತನ ಮಾಡಿಲ್ಲ? ಅಲ್ಲಿ ಸೂರಿಂದ ಗಾಳಿ ತಾನೇ ಬಂದು ತಾನೇ ಹೋಗ್ತಿತ್ತು. ಕೆಂಡ ಅದೇ, ಮನೆ ಬದಲಾಯ್ತು." ಅಜ್ಜಿ ಹೂಂ ಎಂದಳು. ಮಾತು ಒಳಕ್ಕೆ ಇಳಿಯಲಿಲ್ಲ. ನೆಂಟರು ಸುಮ್ಮನಿರಬೇಕಲ್ಲ. "ಮುದುಕಿ ಮಗೀನ್ನೇ ತಿಂದ್ಬುಡ್ತಿದ್ಳು" ಎಂದು ಯಾರೋ ಅವಳಿಗೆ ಕೇಳುವಂತೆಯೇ ಅಂದರು. ಅಂದಿನಿಂದ ಅಜ್ಜಿ ಮಗುವನ್ನು ಮುಟ್ಟಲಿಲ್ಲ. ನಮ್ಮನ್ನೆಲ್ಲ, ನಮ್ಮಪ್ಪನನ್ನು, ಓಣಿಯ ಅರ್ಧ ಮಕ್ಕಳನ್ನು ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹುಯ್ದವಳು ಅವಳು. ಈಗ ಮಗುವಿಗೆ ಅವ್ವ ಹೆದರಿ ಹೆದರಿ ನೀರು ಹುಯ್ಯುತ್ತಿದ್ದರೆ, ಅಜ್ಜಿ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ನಾನು ನೋಡುತ್ತಿದ್ದೆ. ಪ್ರತಿ ಶನಿವಾರ ಊರಿಗೆ ಬರುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಬರುತ್ತಿದ್ದೆ. ಸೋಮವಾರ ಹೇಳದೆಯೇ ಬಸ್ಸು ಹತ್ತುತ್ತಿದ್ದೆ. ಟೀಚರಮ್ಮನ ಮರ್ಯಾದೆ ಅಷ್ಟು ದೊಡ್ಡದಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಮೇಡಂ ರಿಟೈರ್ ಆದರು. ಬರಗೂರಿನ ಮನೆ ಖಾಲಿ ಮಾಡಿ ತಮ್ಮ ಹಳ್ಳಿಗೆ ಹೊರಟಾಗ ನಾನು ಸಿರಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಎರಡು ಟ್ರಂಕು, ಬಟ್ಟೆಯಲ್ಲಿ ಸುತ್ತಿದ ಬುದ್ಧನ ಫೋಟೊ. ಕೊಳವೆಯನ್ನು ಕಾಲೇಜಿಗೇ ಬಿಟ್ಟಿದ್ದರು. ಪಾವಗಡದ ಬಸ್ಸು ಬರುವುದು ತಡವಿತ್ತು. ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿಬಿಟ್ಟೆ.

"ಮೇಡಂ, ಆ ಟೇಪು ಅಂಟಿಸಿದ್ದು ನಾನು. ಅಜ್ಜಿ ಬಟ್ಟೆ ತುರುಕು ಅಂದಿದ್ಳು ಅಷ್ಟೆ."

"ಗೊತ್ತು ಕಣಮ್ಮ."

"ಹೆಂಗೆ?"

"ಮೂಲೇಲಿ ಒಂದರ ಮೇಲೊಂದು ಮಡ್ಚಿ ಅಂಟ್ಸಿತ್ತು. ನೀನು ಪ್ರಾಕ್ಟಿಕಲ್ ರೆಕಾರ್ಡಿಗೆ ಇಂಗೇ ರಟ್ಟು ಹಾಕ್ತಿದ್ದೆ. ಎರಡು ವರ್ಷ ತಿದ್ದಿಲ್ವಾ ನಾನು?" ಕಾಫಿ ಲೋಟ ಕೆಳಗಿಟ್ಟರು. "ಇದನ್ನ ನಂಗ್ಯಾಕೆ ಹೇಳ್ತೀಯ? ನನ್ ತಲೆ ಮೇಲೆ ಏನು ಭಾರ ಐತೆ? ಹೊತ್ಕೊಂಡಿರೋರು ಊರಲ್ಲಿ ಕೂತವ್ರೆ."

ಮೇಡಂ ಒಂದು ಟ್ರಂಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ಲಿ ಹೇಳಿದ್ರೆ ಆ ಕಡೆ ಒಸಿ ಹಗುರ ಆಗ್ತೈತೆ, ನಿನ್ ಕಡೆ ಒಸಿ ಭಾರ ಆಗ್ತೈತೆ. ತಡ್ಕೊಳೋ ವಯಸ್ಸು ನಿಂದು. ಆ ಮುದುಕೀದಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಹತ್ತುವ ನೂಕುನುಗ್ಗಲಲ್ಲಿ ಟ್ರಂಕುಗಳನ್ನು ಮೇಲೆ ಹಾಕಿಸಿ, ನನ್ನ ಕೆನ್ನೆಯನ್ನು ಆ ಹಳದಿ ಬೆರಳಿನಿಂದ ಒಂದು ಸಲ ತಟ್ಟಿ ಹತ್ತಿಕೊಂಡರು. ಮತ್ತೆ ಅವರನ್ನು ನೋಡಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಒಂದು ಸಲ ಯಾರೋ ಹುಡುಗಿ ಎತ್ತಿ, "ಅತ್ತ ಪೊಲಾನಿಕಿ ಪೋಯಿಂದಿ" ಎಂದಳು. ಅತ್ತೆ ಹೊಲಕ್ಕೆ ಹೋಗಿದ್ದಾಳೆ ಎಂದು. ಚೆನ್ನಾಗಿದ್ದಾರೆ ಎಂದು ತಿಳಿದುಕೊಂಡೆ.

ಆವತ್ತು ಬಸ್‌ಸ್ಟ್ಯಾಂಡಿನಿಂದ ನಾನು ಮಧುಗಿರಿಗೆ ಹೋಗಲಿಲ್ಲ, ಊರಿಗೆ ಹೋದೆ. ಅಜ್ಜಿ ಜಗಲಿಯ ಮೇಲಿದ್ದಳು. ರೂಪ ಮಗುವನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಅವ್ವ ಅದಕ್ಕೆ ನೀರು ಹುಯ್ಯುತ್ತಿದ್ದಳು, ಅದು ಕಿರುಚುವುದು ಕೇಳಿಸುತ್ತಿತ್ತು. ಅಜ್ಜಿಯ ಪಕ್ಕ ಕೂತು ಎಲ್ಲ ಹೇಳಿದೆ. ಕಿಟಕಿಗೆ, ವೆಂಟಿಲೇಟರಿಗೆ, ಬಾಗಿಲ ಸಂದಿಗೆ ಒಂದೊಂದನ್ನೂ ಮುಚ್ಚಿದ್ದು ನಾನು, ಬಟ್ಟೆ ಇಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ, ಆಸ್ಪತ್ರೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಅಳುತ್ತಲೇ ಹೇಳಿದೆ. ಅಜ್ಜಿ ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದರೆ ಸಾಕೆಂದೂ ಅನ್ನಿಸಿತ್ತು. ಅವಳು ದೊಡ್ಡದೊಂದು ಉಸಿರು ಬಿಟ್ಟು, ಗೋಡೆ ಹಿಡಿದು ಎದ್ದಳು. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದಳು.

"ಅವ್ಳಿಗೆ ನೀರು ಹುಯ್ಯಾಕ್ ಬರಾಕಿಲ್ಲ ಕಣೇ, ಮಗ ಅದಕ್ಕೇ ಅಂಗೆ ಕಿರುಚ್ಕಳೋದು" ಎಂದಳು. "ಇತ್ಲಾಗ್ ಕೊಡಾಕ್ ಹೇಳು."